ಕೇಸು ಮತ್ತು ಚಟ ಎರಡರಲ್ಲೂ ಸಿಲುಕಿದ ಯುವಕರಿಗೆ ಅನುಭವಿ ಜೊತೆಗಾರರು: ನಮ್ಮ ಭಾಗದಲ್ಲಿ ಹೇಗೆ ಸಾಧ್ಯ?

ಅಕ್ಕ, ಭಾಲ್ಕಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಡಿಪ್ಲೊಮಾ ಅರ್ಧಕ್ಕೇ ಬಿಟ್ಟು ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದವನು ಊರಿಗೆ ಮರಳುವಷ್ಟರಲ್ಲಿ ದಿನಾಲೂ ಕುಡಿಯುವವನಾಗಿದ್ದ, ಗಾಂಜಾ ಸೇದುವುದೂ ಹತ್ತಿಕೊಂಡಿತ್ತು. ಹೋದ ವರ್ಷ ಅವನ ಹತ್ತಿರ ಸ್ವಲ್ಪ ಗಾಂಜಾ ಸಿಕ್ಕಿತೆಂದು ಪ್ರಕರಣ ದಾಖಲಾಯಿತು. ಈಗ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ಅಪ್ಪ ಬೈಯುತ್ತಾರೆ, ಅವ್ವ ಅಳುತ್ತಾಳೆ, ನಾನು ಬುದ್ಧಿ ಹೇಳುತ್ತೇನೆ, ಯಾವುದೂ ನಾಟುತ್ತಿಲ್ಲ. ಆಸ್ಪತ್ರೆಗೆ ಹೋಗೋಣ ಬಾ ಎಂದರೆ, "ಅಲ್ಲಿ ಎಲ್ಲಾರೂ ನನ್ನ ಕಡೀನೇ ನೋಡ್ತಾರ, ನಾ ಬರಲ್ಲ" ಎನ್ನುತ್ತಾನೆ.

ಆದರೆ ನಮ್ಮ ಓಣಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರ ಮುಂದೆ ಮಾತ್ರ ಅವನು ಬಾಯಿ ಬಿಡುತ್ತಾನೆ. ಅವರೂ ಹಿಂದೆ ಇದೇ ಹಾದಿ ತುಳಿದು, ಕೋರ್ಟು ಕಚೇರಿ ಅಲೆದು, ಎಲ್ಲವನ್ನೂ ಬಿಟ್ಟು ವರ್ಷಗಳಾದವರು. ಬೇರೆ ಕಡೆಗಳಲ್ಲಿ ಇಂಥವರಿಗೆ ತರಬೇತಿ ಕೊಟ್ಟು ಯುವಕರ ಜೊತೆಗೆ ಬಿಡುವ ಪದ್ಧತಿ ಇದೆ ಎಂದು ಕೇಳಿದ್ದೇನೆ. ಅಂಥವರು ಏನು ಮಾಡಬೇಕು, ಏನನ್ನು ಮಾಡಲೇಬಾರದು, ಕಾನೂನಿನಲ್ಲಿ ನನ್ನ ತಮ್ಮನಿಗೆ ಏನಾದರೂ ದಾರಿ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಜೊತೆಗಾರ, ಶಹಾಬಾದ

ಅಕ್ಕಾ, ನಿಮ್ಮ ತಮ್ಮ ಒಬ್ಬರ ಮುಂದಾದರೂ ಬಾಯಿ ಬಿಡುತ್ತಿದ್ದಾನೆ ಎಂಬುದೇ ದೊಡ್ಡ ಆಸರೆ. ನಾನು ಕುಡಿತದಿಂದಲೂ ನಿದ್ದೆ ಮಾತ್ರೆಯಿಂದಲೂ ಹೊರಬಂದವನು, ಕೆಲವು ತಿಂಗಳು ಜೈಲಿನಲ್ಲಿಯೂ ಇದ್ದವನು. ಈಗ ಕಲಬುರಗಿಯ ಒಬ್ಬ ಆಪ್ತ ಸಮಾಲೋಚಕರ ಮೇಲ್ವಿಚಾರಣೆಯಲ್ಲಿ 18ರಿಂದ 25 ವರ್ಷದೊಳಗಿನ ಹುಡುಗರಿಗೆ ಜೊತೆಗಾರನಾಗಿದ್ದೇನೆ. ಉಪದೇಶ ಕೊಡುವವರು ಆ ಹುಡುಗರ ಸುತ್ತ ಬೇಕಾದಷ್ಟು ಜನ ಇರುತ್ತಾರೆ. ಡಾಕ್ಟರರ ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವೆ, ಕೋರ್ಟಿನ ಒಂದು ತಾರೀಖಿಗೂ ಮುಂದಿನ ತಾರೀಖಿಗೂ ನಡುವೆ ಉಳಿಯುವ ಸಾದಾ ದಿನಗಳಲ್ಲಿ ಜೊತೆಗಿರುವವರು ಯಾರೂ ಇರುವುದಿಲ್ಲ. ಜೊತೆಗಾರನ ಕೆಲಸ ಅಲ್ಲಿಯೇ ಇರುವುದು.

ತಾರೀಖಿನ ದಿನವನ್ನೇ ತೆಗೆದುಕೊಳ್ಳಿ. ಹಿಂದಿನ ಸಂಜೆಯೇ ಹುಡುಗನ ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆರೆಸಿ, ಅವನ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ತಾರೀಖನ್ನು ಅವನ ಕೈಯಿಂದಲೇ ಖಚಿತಪಡಿಸುತ್ತೇನೆ, ಏಕೆಂದರೆ "ವಕೀಲರು ಮುಂದಿನ ತಿಂಗಳು ಅಂದಿದ್ದರು" ಎಂಬ ಅರೆಬರೆ ನೆನಪಿನಿಂದಲೇ ಅನೇಕ ಹುಡುಗರ ಮೇಲೆ ವಾರಂಟ್ ಹೊರಡುತ್ತದೆ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸೇರುತ್ತೇವೆ. ಪ್ರಕರಣದ ಸಂಖ್ಯೆ, ವಕೀಲರ ಫೋನ್ ನಂಬರ್, ಆಸ್ಪತ್ರೆಯ ಚೀಟಿ ಇವು ಅವನ ಅಂಗಿಯ ಜೇಬಿನಲ್ಲಿವೆಯೇ ಎಂದು ನೋಡಿಕೊಳ್ಳುತ್ತೇನೆ. ಹೆಸರು ಕೂಗುವವರೆಗೆ ಕೋರ್ಟಿನ ಪಡಸಾಲೆಯಲ್ಲಿ ಕೂಡುವುದೇ ಇಡೀ ದಿನದ ಕಷ್ಟದ ಭಾಗ. ಕೆಲವೊಮ್ಮೆ ಮಧ್ಯಾಹ್ನ ಮೂರಾಗುತ್ತದೆ. ಕೈ ನಡುಗುತ್ತಿರುತ್ತದೆ, ದಿನದ ಕೂಲಿ ಹೋಗಿರುತ್ತದೆ, ಹಳೆಯ ಸಹ ಆರೋಪಿಗಳು ಅದೇ ಕಟ್ಟೆಯ ಮೇಲೆ ಕೂತಿರುತ್ತಾರೆ. ತಾರೀಖು ಮುಗಿದ ಮೇಲೆ, "ಬಾರಲೇ, ಒಂದು ರೌಂಡ್ ಹೋಗಿ ಬರೋಣ" ಎಂಬ ಕರೆ ಬಂದೇ ಬರುತ್ತದೆ. ನಾನು ಕಂಡಂತೆ ತಾರೀಖಿನ ಬೆಳಗಿಗಿಂತ ತಾರೀಖಿನ ಸಂಜೆಯೇ ಹೆಚ್ಚು ಅಪಾಯದ್ದು. ಆದ್ದರಿಂದ ಕೋರ್ಟಿನಿಂದ ಹೊರಬಂದೊಡನೆ ಎಲ್ಲಿಗೆ ಹೋಗುವುದು, ಎಲ್ಲಿ ಊಟ ಮಾಡುವುದು, ಯಾವ ಬಸ್ಸು ಹಿಡಿಯುವುದು ಎಂಬುದನ್ನು ಮುಂಚೆಯೇ ಇಬ್ಬರೂ ಕೂಡಿ ತೀರ್ಮಾನಿಸಿರುತ್ತೇವೆ.

ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಭೇಟಿ, ನಡುವೆ ಫೋನ್. ಜಾಮೀನಿನ ಷರತ್ತಿನಂತೆ ಠಾಣೆಗೆ ಹೋಗಿ ಸಹಿ ಮಾಡುವುದಿದ್ದರೆ ಅದರ ನೆನಪು, ಬಿಟ್ಟುಹೋದ ಪರೀಕ್ಷೆಯ ಫೀಸು ಕಟ್ಟುವ ವಿಚಾರ, ಅಪ್ಪನ ಜೊತೆ ಮತ್ತೆ ಮಾತು ಶುರುಮಾಡುವ ಬಗೆ, ಇಂಥವೇ ನಮ್ಮ ಮಾತುಕತೆ. "ಕುಡಿಯಬೇಡ" ಎಂಬ ಮಾತನ್ನು ನಾನು ಹೆಚ್ಚಾಗಿ ಆಡುವುದಿಲ್ಲ. ಮುಂದಿನ ದೀಪಾವಳಿಯ ಹೊತ್ತಿಗೆ ನೀನು ಎಲ್ಲಿರಬೇಕೆಂದುಕೊಂಡಿದ್ದೀಯಾ, ಅದಕ್ಕೆ ಈಗ ಅಡ್ಡ ಬರುತ್ತಿರುವುದು ಯಾವುದು ಎಂದು ಕೇಳಿ ಸುಮ್ಮನಾಗುತ್ತೇನೆ. ಉತ್ತರ ಬರಲು ವಾರಗಳೇ ಹಿಡಿಯಬಹುದು.

ಮಾಡಬಾರದ್ದರಲ್ಲಿ ಮೂರನ್ನು ಮಾತ್ರ ಬಿಗಿಯಾಗಿ ಹೇಳುತ್ತೇನೆ: ಹುಡುಗನಿಗೆ ಸಾಲ ಕೊಡಬಾರದು, ಅವನಿಗೆ ಜಾಮೀನುದಾರನಾಗಿ ಪಹಣಿ ಇಡಬಾರದು, ರಾತ್ರಿ ಹೊತ್ತು ಅವನ ಹಳೆಯ ಅಡ್ಡೆಗೆ ಒಬ್ಬನೇ ಹುಡುಕಿಕೊಂಡು ಹೋಗಬಾರದು. ಪಹಣಿ ಇಟ್ಟ ದಿನದಿಂದ ಜೊತೆಗಾರನು ಹುಡುಗನ ಕಾವಲುಗಾರನಾಗುತ್ತಾನೆ. ಹುಡುಗ ಅವನ ಮುಂದೆ ನಿಜ ಹೇಳುವುದನ್ನು ಬಿಡುತ್ತಾನೆ.

ವಕೀಲರು, ಕಲಬುರಗಿ

ಸಹೋದರಿಯವರು ಕೇಳಿದ ಕಾನೂನಿನ ಭಾಗಕ್ಕೆ ಸಂಬಂಧಿಸಿದಷ್ಟನ್ನು ಬರೆಯುತ್ತೇನೆ. ಪ್ರಕರಣದ ಕಾಗದ ನೋಡದೆ ನಿಶ್ಚಿತ ಸಲಹೆ ಕೊಡಲಾಗದು.

ಮಾದಕ ವಸ್ತುಗಳ ವಿಷಯಕ್ಕೆ ಅನ್ವಯಿಸುವುದು ಎನ್‌ಡಿಪಿಎಸ್ ಎಂದು ಕರೆಯಲಾಗುವ 1985ರ ಕಾಯ್ದೆ. ಇದರಲ್ಲಿ ಸಿಕ್ಕ ಪ್ರಮಾಣವೇ ಎಲ್ಲವನ್ನೂ ನಿರ್ಧರಿಸುತ್ತದೆ. ಗಾಂಜಾ 1 ಕಿಲೋದವರೆಗೆ ಇದ್ದರೆ ಅದು ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸೇವನೆ ಮಾಡಿದ್ದಕ್ಕೆ ಪ್ರತ್ಯೇಕವಾಗಿ 27ನೇ ಕಲಂ ಇದೆ. ಗಾಂಜಾ ಸೇವನೆಯಾದರೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಾಣಿಜ್ಯ ಪ್ರಮಾಣದ ಪ್ರಕರಣದಲ್ಲಿ ಜಾಮೀನು ಸಿಗುವುದೇ 37ನೇ ಕಲಮಿನಿಂದಾಗಿ ಬಹಳ ಕಠಿಣ. ತನಗಾಗಿ ಸೇದುವ ಹುಡುಗನೊಬ್ಬ ಗೆಳೆಯನ ಚೀಲ ಹೊತ್ತುಕೊಂಡು ಬಸ್ ಹತ್ತಿದರೆ ಎಂಥ ಬಾವಿಗೆ ಬೀಳುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ನಿಮ್ಮ ತಮ್ಮನಿಗೆ ನೇರವಾಗಿ ಉಪಯೋಗಕ್ಕೆ ಬರಬಹುದಾದದ್ದು ಇದೇ ಕಾಯ್ದೆಯ 64ಎ ಕಲಂ. ವ್ಯಸನಕ್ಕೆ ಒಳಗಾದ ವ್ಯಕ್ತಿಯ ಮೇಲಿರುವ ಆರೋಪ ಸೇವನೆಯದ್ದು ಅಥವಾ ಅಲ್ಪ ಪ್ರಮಾಣದ್ದಾಗಿದ್ದು, ಅವನು ತಾನಾಗಿಯೇ ಮುಂದೆ ಬಂದು ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆಯಲ್ಲಿ, ಇಲ್ಲವೇ ಅವು ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಅವನನ್ನು ಆ ಅಪರಾಧಕ್ಕಾಗಿ ವಿಚಾರಣೆಗೆ ಗುರಿಪಡಿಸುವಂತಿಲ್ಲ. ಆದರೆ ಚಿಕಿತ್ಸೆಯನ್ನು ಪೂರ್ತಿ ಮಾಡದೆ ನಡುವೆ ಬಿಟ್ಟರೆ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಇದಕ್ಕಾಗಿ ವಕೀಲರ ಮೂಲಕ ಅರ್ಜಿ ಹಾಕಬೇಕು, ಚಿಕಿತ್ಸೆಯ ದಾಖಲೆ ಒದಗಿಸಬೇಕು. ಇನ್ನೊಂದು 39ನೇ ಕಲಂ: ಅಪರಾಧ ಸಾಬೀತಾದ ಮೇಲೂ ಇಂಥ ಸಣ್ಣ ಪ್ರಕರಣಗಳಲ್ಲಿ ನ್ಯಾಯಾಲಯವು ವ್ಯಸನಿಯ ಒಪ್ಪಿಗೆ ಪಡೆದು, ಕೂಡಲೇ ಸಜೆ ವಿಧಿಸದೆ, ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ಎರಡರಲ್ಲಿಯೂ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಜೊತೆಗಾರನ ಕೆಲಸಕ್ಕೆ ಕಾನೂನಿನ ದೃಷ್ಟಿಯಿಂದಲೂ ಬೆಲೆ ಬರುವುದು ಹೀಗೆ: ಹುಡುಗ ನಾಲ್ಕನೆಯ ಭೇಟಿಗೂ ಐದನೆಯ ಭೇಟಿಗೂ ಆಸ್ಪತ್ರೆಗೆ ಹೋಗುವಂತೆ ನೋಡಿಕೊಳ್ಳುವವನು ಅವನೇ.

ಶಹಾಬಾದಿನ ಸಹೋದರರು ಹೇಳಿದ ನಿರ್ಬಂಧಗಳಿಗೆ ಇನ್ನೊಂದನ್ನು ಸೇರಿಸುತ್ತೇನೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದದ್ದು. ಕಕ್ಷಿದಾರನು ವಕೀಲನಿಗೆ ಹೇಳಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರಲ್ಲಿ ಗೋಪ್ಯತೆಯ ರಕ್ಷಣೆ ಇದೆ. ಜೊತೆಗಾರನಿಗೆ ಹೇಳಿದ ಮಾತಿಗೆ ಆ ರಕ್ಷಣೆ ಇಲ್ಲ. ಅವನನ್ನು ಸಾಕ್ಷಿಯಾಗಿ ಕರೆಸಬಹುದು. ಮಾಲು ಯಾರಿಂದ ಬಂತು, ಆ ದಿನ ಏನು ನಡೆಯಿತು ಎಂಬುದನ್ನು ಜೊತೆಗಾರನು ಕೇಳಲೂ ಬಾರದು, ಹುಡುಗನು ಹೇಳಲು ಹೊರಟರೆ "ಅದನ್ನು ನಿನ್ನ ವಕೀಲರಿಗೆ ಹೇಳು" ಎಂದು ಅಲ್ಲಿಯೇ ತಡೆಯಬೇಕು. ಮೊದಲ ಭೇಟಿಯಲ್ಲಿಯೇ ಈ ಮಾತು ಆಗಿಬಿಡಬೇಕು. ವಾಟ್ಸ್ಆ್ಯಪ್‌ನಲ್ಲಿ ಪ್ರಕರಣದ ಬಗ್ಗೆ ಒಂದಕ್ಷರವೂ ಬೇಡ.

ವಕೀಲರ ಫೀಸಿಗೆ ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ, ನಿಗದಿತ ಆದಾಯಕ್ಕಿಂತ ಕಡಿಮೆ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಒಬ್ಬ ತಂದೆ, ಸೇಡಂ

ಎಲ್ಲರ ಮಾತನ್ನೂ ಓದಿದೆ. ನನ್ನ ಮಗನೂ ಇದೇ ಸ್ಥಿತಿಯಲ್ಲಿದ್ದಾನೆ, ಆದ್ದರಿಂದ ಕಠಿಣವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿನ್ನೆ ಮೊನ್ನೆಯವರೆಗೆ ಕುಡಿದವನ ಕೈಗೆ, ಕೇಸು ಇದ್ದವನ ಕೈಗೆ ನಾನು ನನ್ನ ಮಗನನ್ನು ಹೇಗೆ ಒಪ್ಪಿಸಲಿ? ಅವನೇ ಮತ್ತೆ ಜಾರಿದರೆ ನನ್ನ ಮಗನನ್ನೂ ಎಳೆದುಕೊಂಡು ಹೋಗುವುದಿಲ್ಲವೇ? ಇನ್ನೊಂದು ಮಾತು: ಮಗ ಏನು ಹೇಳಿದ ಎಂದು ಕೇಳಿದರೆ ಜೊತೆಗಾರನು ನನಗೂ ಹೇಳುವುದಿಲ್ಲವಂತೆ. ತಂದೆಗೆ ಆ ಹಕ್ಕೂ ಇಲ್ಲವೇ?

ಮನೋವೈದ್ಯಕೀಯ ವಿಭಾಗದ ಸ್ಟಾಫ್ ನರ್ಸ್, ಯಾದಗಿರಿ

ಸೇಡಂನ ಹಿರಿಯರ ಪ್ರಶ್ನೆಗೆ ಉಳಿದವರು ಉತ್ತರಿಸುತ್ತಾರೆ. ನಾನು ಜೀವಕ್ಕೆ ಸಂಬಂಧಿಸಿದ ಕೆಲವು ಮಾತುಗಳನ್ನು ಹೇಳಲೇಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಜೊತೆಗಾರರು ಅಪಾಯ ಮಾಡುವುದು ಇಲ್ಲಿಯೇ.

ಬಹಳ ದಿನಗಳಿಂದ ದಿನಾಲೂ ಕುಡಿಯುತ್ತಿರುವವರಿಗೆ "ಇವತ್ತಿನಿಂದಲೇ ಬಿಟ್ಟುಬಿಡು" ಎಂದು ಆಣೆ ಹಾಕಿಸಬಾರದು. ಒಮ್ಮೆಲೇ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಮೈ ಬೆವರಿ, ನಡುಕ ಹೆಚ್ಚಿ, ಇಲ್ಲದ್ದು ಕಾಣಿಸಿ, ಹಗಲು ರಾತ್ರಿಯ ಅರಿವೇ ತಪ್ಪುತ್ತದೆ. ಮನೆಯವರು ಇದನ್ನು ಗಾಳಿ ಸೋಕಿದೆ ಎಂದುಕೊಂಡು ಬೇರೆಡೆಗೆ ಕರೆದುಕೊಂಡು ಹೋಗುತ್ತಾರೆ. ಅದು ಚಿಕಿತ್ಸೆ ಸಿಗದಿದ್ದರೆ ಪ್ರಾಣ ತೆಗೆಯಬಲ್ಲ ಸ್ಥಿತಿ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಅಮಲಿನ ರಾಸಾಯನಿಕ) ಬೆರೆಸಿದ ಸೇಂದಿ ಕುಡಿದು ರೂಢಿಯಾದವರಿಗೂ, ನಿದ್ದೆ ಮಾತ್ರೆಗೆ ಅಂಟಿಕೊಂಡವರಿಗೂ ಒಮ್ಮೆಲೇ ನಿಲ್ಲಿಸಿದರೆ ಇದೇ ರೀತಿ ಆಗುತ್ತದೆ. ಎಷ್ಟು ದಿನದಿಂದ, ಎಷ್ಟು, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬ ಪ್ರಶ್ನೆಗಳನ್ನು ಕೇಳಿ ಆಸ್ಪತ್ರೆಗೆ ಕರೆತರುವಷ್ಟು ತಿಳಿವಳಿಕೆ ಪ್ರತಿಯೊಬ್ಬ ಜೊತೆಗಾರನಿಗೂ ಇರಬೇಕು. ಬಿಡಿಸುವ ಔಷಧದ ನಿರ್ಧಾರ ವೈದ್ಯರದ್ದು.

ಎರಡನೆಯದಾಗಿ, ಗೋಡೆಯ ಮೇಲೆ "ಕುಡುಕನಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂದು ಬರೆದಿರುವ ಪುಡಿ, ಮಾತ್ರೆಗಳನ್ನು ಸಾರಿನಲ್ಲಿ ಬೆರೆಸಿ ಕೊಡುವ ತಾಯಂದಿರು, ಹೆಂಡತಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಔಷಧ) ಇದ್ದರೆ, ಅರಿಯದೆ ಅದರ ಮೇಲೆ ಕುಡಿದವನಿಗೆ ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆ ಔಷಧವನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು.

ಜೈಲಿನಿಂದ ಅಥವಾ ಚಿಕಿತ್ಸಾ ಕೇಂದ್ರದಿಂದ ಹೊರಬಂದ ಮೊದಲ ಎರಡು ವಾರ ವಿಶೇಷ ಎಚ್ಚರ ಬೇಕು. ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ. ಅಫೀಮು ಜಾತಿಯ ಮಾದಕ ತೆಗೆದುಕೊಳ್ಳುತ್ತಿದ್ದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡುಗಡೆಯ ದಿನ ಬಾಗಿಲಲ್ಲಿ ಜೊತೆಗಾರನೊಬ್ಬನು ನಿಂತಿರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೇ.

ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿನ ದಿನವನ್ನು ಮೊದಲೇ ಕೇಳಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಸಮಾಜಕಾರ್ಯ ಅಧ್ಯಾಪಕ, ಕಲಬುರಗಿ

ಸೇಡಂನ ಹಿರಿಯರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಈ ಪದ್ಧತಿ ಬೆಳೆದ ಕಡೆಗಳಲ್ಲೆಲ್ಲ ಈ ಪ್ರಶ್ನೆ ಎದ್ದಿದೆ. ಕುಡಿತ ಬಿಟ್ಟವರು ಕುಡಿಯುವವರಿಗೆ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅದು ಪರಸ್ಪರ ನೆರವು, ಸಂಬಳದ ಉದ್ಯೋಗವಲ್ಲ. ಜೊತೆಗಾರಿಕೆಯನ್ನು ತರಬೇತಿ, ಮೇಲ್ವಿಚಾರಣೆ, ಸಂಭಾವನೆ ಇರುವ ಕೆಲಸವನ್ನಾಗಿ ರೂಪಿಸಿದ್ದು ಬಹಳ ತಡವಾಗಿ; ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನಡಿ ರಾಜ್ಯಗಳು ಇದಕ್ಕೆ ಹಣ ಕೊಡುವ ದಾರಿಯನ್ನು ಅಲ್ಲಿನ ಕೇಂದ್ರ ಸರ್ಕಾರವು 2007ರಲ್ಲಿ ಸ್ಪಷ್ಟಪಡಿಸಿತು. ನಮ್ಮ ದೇಶದಲ್ಲಿಯೂ ಇದು ತೀರ ಹೊಸ ಮಾತಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಮಾದಕ ಬೇಡಿಕೆ ತಗ್ಗಿಸುವ ಕ್ರಿಯಾ ಯೋಜನೆಯಲ್ಲಿ ಸಮವಯಸ್ಕರ ನೇತೃತ್ವದ ಸಮುದಾಯ ಕಾರ್ಯಕ್ರಮಕ್ಕೆ ಅನುದಾನದ ಅವಕಾಶವಿದೆ. ಆದರೆ ಅದು ಹೆಚ್ಚಾಗಿ ಹದಿಹರೆಯದವರು ಚಟಕ್ಕೆ ಬೀಳದಂತೆ ತಡೆಯುವ ಉದ್ದೇಶದ್ದು. ಈಗಾಗಲೇ ಕೇಸು ಬಿದ್ದಿರುವ ಇಪ್ಪತ್ತರ ಹರೆಯದವನ ಪಕ್ಕದಲ್ಲಿ ಕೂಡುವ ಕೆಲಸವನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ.

ಹಿರಿಯರೇ, "ನಿನ್ನೆ ಮೊನ್ನೆ ಬಿಟ್ಟವರನ್ನು" ಜೊತೆಗಾರರನ್ನಾಗಿ ತೆಗೆದುಕೊಳ್ಳಲೇಬಾರದು. ಕನಿಷ್ಠ ಎರಡು ವರ್ಷವಾದರೂ ಸ್ಥಿರವಾಗಿರುವವರು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೂ ತಮ್ಮದೇ ಪ್ರಕರಣ ಬಾಕಿ ಇರಬಾರದು. ಭೇಟಿಗಳು ಗ್ರಂಥಾಲಯ, ಉದ್ಯಾನ, ಆಸ್ಪತ್ರೆಯ ಆವರಣದಂಥ ನಾಲ್ಕು ಜನರ ಕಣ್ಣಿರುವ ಕಡೆ ನಡೆಯಬೇಕು. ಜೊತೆಗಾರನೇ ಜಾರುವ ಸಂಭವವನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆಂದೇ ಪ್ರತಿ ವಾರ ಸಮಾಲೋಚಕರೊಬ್ಬರು ಅವನನ್ನು ಕೂಡಿಸಿಕೊಂಡು, ನಿನಗೆ ಈ ವಾರ ಯಾವುದು ಭಾರವಾಯಿತು ಎಂದು ಕೇಳಬೇಕು. ಭಾರವಾಗಿದೆ ಎಂದರೆ ಹುಡುಗನನ್ನು ಇನ್ನೊಬ್ಬ ಜೊತೆಗಾರನಿಗೆ ಒಪ್ಪಿಸಿ ಅವನಿಗೆ ರಜೆ ಕೊಡಬೇಕು. ಸಂಭಾವನೆ ಕೊಡಲೇಬೇಕು. ದಿನಗೂಲಿ ಬಿಟ್ಟು ಕೋರ್ಟಿನ ಪಡಸಾಲೆಯಲ್ಲಿ ಕೂಡುವವನಿಗೆ ಊಟ, ಬಸ್ಸಿನ ಖರ್ಚನ್ನೂ ಕೊಡದೆ "ಸೇವೆ ಮಾಡು" ಎನ್ನುವುದು ಅನ್ಯಾಯ. ಹಾಗೆ ನಡೆಸಿದ ಗುಂಪುಗಳು ಬೇಗ ಚದುರಿಹೋಗುತ್ತವೆ.

ಮಗನ ಮಾತನ್ನು ತಂದೆಗೆ ಹೇಳುವ ವಿಚಾರ. ಹದಿನೆಂಟು ತುಂಬಿದವನ ಒಪ್ಪಿಗೆಯಿಲ್ಲದೆ ಹೇಳಬಾರದು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಲೇಬೇಕು. ಈ ಎರಡು ಮಾತೂ ಮೊದಲ ದಿನವೇ ಮಗನಿಗೂ ನಿಮಗೂ ಒಟ್ಟಿಗೆ ಕೂಡಿಸಿ ತಿಳಿಸಿದರೆ ಮುಂದೆ ಮನಸ್ತಾಪ ಬರುವುದಿಲ್ಲ. ತಂದೆಗೆ ಮಾಡಲು ಏನೂ ಉಳಿಯುವುದಿಲ್ಲ ಎಂದುಕೊಳ್ಳಬೇಡಿ. ಮಗ ಮನೆಗೆ ಬಂದಾಗ ಠಾಣೆಯವರಂತೆ ವಿಚಾರಣೆ ಮಾಡದೆ ಜೊತೆಗೆ ಕೂತು ಉಣ್ಣುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಅದನ್ನು ಯಾವ ಜೊತೆಗಾರನೂ ಮಾಡಲಾರ.

ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತೇನೆ. ಬಲವಂತವಾಗಿ ಎತ್ತಿಕೊಂಡು ಹೋಗಿ ಕೂಡಿಹಾಕುವ, ಸರಪಳಿ ಹಾಕುವ ಖಾಸಗಿ ಕೇಂದ್ರಗಳ ಮಾತಿಗೆ ಮರುಳಾಗಬೇಡಿ. ಮಾನಸಿಕ ಆರೋಗ್ಯ ಕಾಯ್ದೆ 2017ರ ವ್ಯಾಪ್ತಿಗೆ ಮದ್ಯ, ಮಾದಕ ವ್ಯಸನದಿಂದಾಗುವ ಸ್ಥಿತಿಗಳೂ ಬರುತ್ತವೆ, ಮತ್ತು ಆ ಕಾಯ್ದೆಯು ಸರಪಳಿ ಹಾಕುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ನೋಂದಣಿ ಇದೆಯೇ ಎಂದು ಕೇಳಿ, ಕಾಗದ ನೋಡಿ.

ಹುಡುಗಿಯರ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. ಅವರೂ ಇದ್ದಾರೆ, ಅವರಿಗೆ ಮಹಿಳಾ ಜೊತೆಗಾರರೇ ಬೇಕು.

ಒಬ್ಬ ತಂದೆ, ಸೇಡಂ

ತಿಳಿಯಿತು ಸರ್. ಸರಪಳಿಯ ಮಾತು ನನಗೇ ತಾಗಿದೆ, ಅಂಥ ಒಂದು ಕೇಂದ್ರಕ್ಕೆ ಮುಂಗಡ ಕೊಡುವ ವಿಚಾರದಲ್ಲಿದ್ದೆ. ಕೊಡುವುದಿಲ್ಲ. ಕಲಬುರಗಿಯಲ್ಲಿ ಮಗನ ಜೊತೆ ನಿಮ್ಮನ್ನು ಕಾಣಲು ಬರುತ್ತೇನೆ.

ಅಕ್ಕ, ಭಾಲ್ಕಿ

ಎಲ್ಲರಿಗೂ ಕೃತಜ್ಞತೆಗಳು. ಗ್ಯಾರೇಜಿನ ಅಣ್ಣನವರಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಒಪ್ಪಿದ್ದಾರೆ. ಎರಡು ಸಂಶಯಗಳು ಉಳಿದಿವೆ. ತಮ್ಮನ ಪ್ರಕರಣ ದಾಖಲಾದದ್ದು ಜಹೀರಾಬಾದ್ ಕಡೆ, ಅಂದರೆ ತೆಲಂಗಾಣದಲ್ಲಿ. ಇಲ್ಲಿ ಚಿಕಿತ್ಸೆ ಪಡೆದರೆ ಅಲ್ಲಿನ ನ್ಯಾಯಾಲಯ ಒಪ್ಪುತ್ತದೆಯೇ? ಮತ್ತು, ತಮ್ಮ ನಿನ್ನೆ ರಾತ್ರಿ ತಾನಾಗಿಯೇ, "ಸೋಮವಾರದಿಂದ ಪೂರಾ ಬಿಡ್ತೀನಿ ಅಕ್ಕಾ" ಎಂದ. ನರ್ಸ್ ಮೇಡಂ ಬರೆದದ್ದನ್ನು ಓದಿದ ಮೇಲೆ ಖುಷಿಗಿಂತ ಭಯವೇ ಹೆಚ್ಚಾಗಿದೆ.

ಮನೋವೈದ್ಯಕೀಯ ವಿಭಾಗದ ಸ್ಟಾಫ್ ನರ್ಸ್, ಯಾದಗಿರಿ

ತಂಗೀ, ಸೋಮವಾರದವರೆಗೆ ಕಾಯಬೇಡಿ. ಅವನಿಗೆ ಮನಸ್ಸು ಬಂದಿರುವಾಗಲೇ ಬ್ರಿಮ್ಸ್ ಒಪಿಡಿಗೆ ಕರೆದುಕೊಂಡು ಹೋಗಿ, ದಿನಾಲೂ ಕುಡಿಯುವುದನ್ನು ಮುಚ್ಚಿಡದೆ ಹೇಳಿ. ದಾಖಲಾಗಬೇಕೋ ಮನೆಯಲ್ಲಿದ್ದು ಮಾತ್ರೆ ಸಾಕೋ ಎಂದು ವೈದ್ಯರು ನೋಡಿ ಹೇಳುತ್ತಾರೆ. ಅಷ್ಟರೊಳಗೆ ಕೈ ನಡುಕ ಹೆಚ್ಚಾದರೆ, ಫಿಟ್ಸ್ ಬಂದರೆ, ಮಾತು ತಡಬಡಿಸಿದರೆ 108ಕ್ಕೆ ಫೋನ್ ಮಾಡಿ.

ವಕೀಲರು, ಕಲಬುರಗಿ

ಎನ್‌ಡಿಪಿಎಸ್ ಕೇಂದ್ರ ಕಾಯ್ದೆ, 64ಎ ಕಲಂ ತೆಲಂಗಾಣದಲ್ಲಿಯೂ ಅನ್ವಯಿಸುತ್ತದೆ. ಕಲಂನಲ್ಲಿ ಹೇಳಿರುವುದು ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ, ಇಲ್ಲವೇ ಅವು ಮಾನ್ಯ ಮಾಡಿದ ಆಸ್ಪತ್ರೆ. ಅದು ಪ್ರಕರಣ ನಡೆಯುವ ಜಿಲ್ಲೆಯಲ್ಲಿಯೇ ಇರಬೇಕೆಂಬ ಮಾತು ಅದರಲ್ಲಿಲ್ಲ. ಆದರೂ ಆರೋಪ ಪಟ್ಟಿಯಲ್ಲಿ ಯಾವ ಕಲಂಗಳಿವೆ, ತೂಕ ಎಷ್ಟು ಬರೆದಿದ್ದಾರೆ ಎಂಬುದನ್ನು ಅಲ್ಲಿನ ವಕೀಲರು ನೋಡಿಯೇ ಅರ್ಜಿ ಹಾಕಬೇಕು. ಅಲ್ಲಿ ವಕೀಲರಿಲ್ಲದಿದ್ದರೆ ಆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಒಪಿಡಿ ಚೀಟಿ, ಡಿಸ್ಚಾರ್ಜ್ ಸಾರಾಂಶ, ಪ್ರತಿ ಮರುಭೇಟಿಯ ದಿನಾಂಕವಿರುವ ಪುಟ ಇವುಗಳ ಜೆರಾಕ್ಸ್ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ದಾಖಲಾದ ದಿನವೇ ತಾರೀಖು ಬಂದರೆ ಗೈರುಹಾಜರಿಗೆ ವಿನಾಯಿತಿ ಕೋರುವ ಅರ್ಜಿಯನ್ನು ಅಂದೇ ಹಾಕಿಸಬೇಕು, ಮರುದಿನಕ್ಕೆ ಬಿಡಬಾರದು.

ಜೊತೆಗಾರ, ಶಹಾಬಾದ

ಅಕ್ಕಾ, ಆಸ್ಪತ್ರೆಗೆ ಹೋಗುವಾಗ ಗ್ಯಾರೇಜಿನ ಅಣ್ಣನವರನ್ನು ಕರೆದೊಯ್ಯುವ ಮುನ್ನ ತಮ್ಮನನ್ನು ಒಂದು ಮಾತು ಕೇಳಿ. ಅವನು ಬೇಡವೆಂದರೆ ಒತ್ತಾಯ ಬೇಡ, ಹೊರಗೆ ಚಹದ ಅಂಗಡಿಯಲ್ಲಿ ಕೂತಿದ್ದರೂ ಸಾಕು. ಜಹೀರಾಬಾದಿನ ತಾರೀಖಿಗೂ ಅವರೇ ಜೊತೆಗೆ ಹೋಗಲಿ, ಆ ದಿನದ ಕೂಲಿಯನ್ನು ನೀವು ಕೊಡಿ, ಅವರು ಬೇಡವೆಂದರೂ ಕೊಡಿ. ಅವರ ನಂಬರನ್ನು ಅವರ ಒಪ್ಪಿಗೆ ಪಡೆದು ಅಧ್ಯಾಪಕರಿಗೆ ಕಳಿಸಿದರೆ ನಮ್ಮ ಶನಿವಾರದ ಮೇಲ್ವಿಚಾರಣೆಯ ಸಭೆಗೆ ಅವರನ್ನು ಫೋನಿನಲ್ಲಿಯೇ ಸೇರಿಸಿಕೊಳ್ಳುತ್ತೇವೆ.